ಅಡೂರಿಗೊಂದು ಕಾರು

ಕಾಸರಗೋಡಿನ ನಮ್ಮ ಅಡೂರಿನಲ್ಲಿ ಕರ್ನಾಟಕದ ಗಡಿ ದಾಟದೆ ವಾರ ಕಳೆಯುವವರು ಕಡಿಮೆ. ಸ್ಕೂಟರಿಗೆ ಪೆಟ್ರೋಲು ಬೇಕಾದರೆ ಜಾಲ್ಸೂರಿನ ಕಡೆಗೆ ಹೋಗುತ್ತೇವೆ. ಅಲ್ಲಿ ಲೀಟರಿಗೆ ಕೆಲವು ರೂಪಾಯಿ ಕಡಿಮೆ. ಹಲ್ಲುನೋವಿಗೆ ಸುಳ್ಯ, ಮದುವೆ ಜವಳಿಗೆ ಪುತ್ತೂರು, ದೊಡ್ಡ ಕಾಯಿಲೆಗೆ ಮಂಗಳೂರು. ರೇಷನ್ ಅಕ್ಕಿ, ಭೂಕಂದಾಯ, ಓಟು ಇಷ್ಟಕ್ಕೆ ಕೇರಳ. ಸೊಸೆಯಂದಿರು ಆ ಕಡೆಯಿಂದ ಬರುತ್ತಾರೆ, ಹೆಣ್ಣುಮಕ್ಕಳು ಆ ಕಡೆಗೆ ಹೋಗುತ್ತಾರೆ. ಅಡಿಕೆಗಂತೂ ಗಡಿಯೇ ಇಲ್ಲ. 1973ರಲ್ಲಿ ಕ್ಯಾಂಪ್ಕೋ ಹುಟ್ಟಿದ್ದೇ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರಿಗೆ ಸೇರಿದ ಸಂಸ್ಥೆಯಾಗಿ. 1956ರ ನವೆಂಬರ್ 1ರಂದು ನಮ್ಮ ಹಿರಿಯರು ಮಲಗಿದ ಚಾಪೆಯಲ್ಲೇ ಕೇರಳದವರಾದದ್ದು ನಿಜ. 1967ರಲ್ಲಿ ಈ ಗಡಿಯ ಬಗ್ಗೆ ಮಹಾಜನ ಆಯೋಗ ವರದಿ ಕೊಟ್ಟದ್ದೂ ನಿಜ. ಆದರೆ ಗಡಿ ಎಂಬುದನ್ನು ನಾವು ಕಣ್ಣಾರೆ ಕಂಡದ್ದು 2020ರ ಮಾರ್ಚಿನಲ್ಲಿ, ಕೊರೋನಾ ಬಂತೆಂದು ರಸ್ತೆಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದಾಗ.

ಇಷ್ಟೆಲ್ಲ ಸಲೀಸು ಇರುವ ಊರಿನಲ್ಲಿ ಕಾರಿಗೆ ಮಾತ್ರ ಆ ಭಾಗ್ಯ ಇಲ್ಲ. ಓಡಾಡಲಿಕ್ಕೆಂದೇ ಹುಟ್ಟಿದ ವಸ್ತು ಅದು. ಆದರೆ ಕಾಗದದಲ್ಲಿ ಎಲ್ಲಾದರೂ ಒಂದು ಕಡೆ ಕಾಲು ಮಡಚಿ ಕೂತಿರಬೇಕು. ಕೆಎಲ್ 14 ಎಂದರೆ ಕಾಸರಗೋಡು, ಕೆಎ 21 ಎಂದರೆ ಪುತ್ತೂರು. ನಡುವೆ ನಿಲ್ಲುವ ನಂಬರು ಯಾರೂ ಕೊಡುವುದಿಲ್ಲ. ಈ ಜ್ಞಾನ ನನಗೆ ಬಂದದ್ದು ಅಕ್ಕನ ಮಗನಿಂದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವನು ಕಳೆದ ವರ್ಷ, 2025ರ ಮಳೆಗಾಲದ ಕೊನೆಗೆ, ಒಂದು ಕಾರಿನ ಆಸೆಗೆ ಬಿದ್ದ.

"ಮಾವ, ಇಡೀ ಇಂಡಿಯಾಕ್ಕೆ ನೂರೇ ನೂರು ಬರುವುದು" ಎಂದ ಫೋನಿನಲ್ಲಿ. ಅವನ ದನಿ ಕೇಳಿದರೆ ಉಳಿದ ತೊಂಬತ್ತೊಂಬತ್ತು ಆಗಲೇ ಯಾರದೋ ಕೊಟ್ಟಿಗೆ ಸೇರಿದ ಹಾಗಿತ್ತು.

ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 265 ಕುದುರೆಗಳ ಶಕ್ತಿ, ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 6.4 ಸೆಕೆಂಡು, ಬಿಟ್ಟರೆ ಗಂಟೆಗೆ 250. ಅಡೂರಿನಿಂದ ಜಾಲ್ಸೂರಿಗೆ ಹೋಗುವ ದಾರಿಯಲ್ಲಿ ನೆಟ್ಟಗಿನ ರಸ್ತೆ ಎಲ್ಲಿದೆ ಎಂದು ನಾನು ಮನಸ್ಸಿನಲ್ಲೇ ಹುಡುಕಿದೆ. ಒಂದು ತಿರುವು ಮುಗಿದು ಇನ್ನೊಂದು ಶುರುವಾಗುವುದರೊಳಗೆ 6.4 ಸೆಕೆಂಡು ಸಿಗುವ ಜಾಗ ನೆನಪಾಗಲಿಲ್ಲ. ಸಿಕ್ಕಿದರೂ ಅಲ್ಲಿ ಒಂದು ಹಂಪ್ ಇರುತ್ತದೆ, ಹಂಪಿನ ಮೇಲೆ ಒಂದು ದನ ಇರುತ್ತದೆ. ಆ ಕಾರು ನೆಲದಿಂದ ಒಂದು ಗೇಣೂ ಎತ್ತರವಿಲ್ಲ. ಮನೆಯ ಗೇಟಿನಿಂದ ಅಂಗಳಕ್ಕೆ ಇಳಿಯುವ ಮುರಕಲ್ಲಿನ ಇಳಿಜಾರನ್ನು ಅದು ಹೊಟ್ಟೆಯಲ್ಲೇ ತೆವಳಿಕೊಂಡು ಇಳಿಯಬೇಕಾದೀತು.

ನೂರೇ ಯಾಕೆ ಎಂದು ಕೇಳಿದೆ. ಅದಕ್ಕೂ ಲೆಕ್ಕ ಉಂಟಂತೆ. ಹೊರದೇಶದ ಮಾದರಿಯೊಂದನ್ನು ಇಲ್ಲಿ ಮಾರಬೇಕಾದರೆ ಅದನ್ನು ಇಲ್ಲಿ ಪರೀಕ್ಷೆಗೆ ಒಡ್ಡಿ ಪ್ರಮಾಣಪತ್ರ ಪಡೆಯಬೇಕು. ಅದಕ್ಕೆ ಹಣವೂ ತಿಂಗಳುಗಟ್ಟಲೆ ಸಮಯವೂ ಬೇಕು. 2018ರಲ್ಲಿ ಕೇಂದ್ರ ಸರಕಾರ ಒಂದು ಸಡಿಲಿಕೆ ಕೊಟ್ಟಿತು: ಯುರೋಪಿನಲ್ಲೋ ಜಪಾನಿನಲ್ಲೋ ಪಾಸಾದ ಕಾರುಗಳನ್ನು ಕಂಪನಿಯೊಂದು ವರ್ಷಕ್ಕೆ 2,500ರ ತನಕ ಈ ಪರೀಕ್ಷೆ ಇಲ್ಲದೆ ತರಬಹುದು. ಆ ಬಾಗಿಲಿನಿಂದ ಇಂಥ ಕಾರುಗಳು ಸ್ವಲ್ಪ ಸ್ವಲ್ಪವಾಗಿ ಬರುತ್ತವೆ. 2025ರಲ್ಲೇ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಬಂದಾಗ ಮೊದಲ ಕಂತಿನಲ್ಲಿ 150 ಮಾತ್ರ, ಬುಕ್ ಮಾಡುವವರಿಗೆ ಮೊದಲು ಪ್ರಶ್ನೋತ್ತರ ಬೇರೆ. ಐವತ್ತು ಲಕ್ಷ ಕೊಡಲು ತಯಾರಿರುವವನಿಗೆ ಪರೀಕ್ಷೆ! ನಮ್ಮ ಕಾಲದಲ್ಲಿ ಹೆಣ್ಣು ನೋಡಲು ಹೋದವನಿಗೂ ಇಷ್ಟು ಕೇಳುತ್ತಿರಲಿಲ್ಲ.

ಅಳಿಯನ ಯೋಜನೆ ಸರಳ. ಬೆಂಗಳೂರಿನಲ್ಲಿ ಈ ಕಾರಿಗೆ ಕಣ್ಣು ಹಾಕಿದವರು ಸಾವಿರ ಜನ. ಊರಿನ ವಿಳಾಸದಿಂದ ಅಪ್ಪನ ಹೆಸರಿನಲ್ಲಿ ಬುಕ್ ಮಾಡಿದರೆ ಸರತಿ ಚಿಕ್ಕದು. ಮಂಗಳೂರು ಹತ್ತಿರ, ಕೋಯಿಕ್ಕೋಡು ದೂರ, ಕೊಚ್ಚಿ ಇನ್ನೂ ದೂರ. ಎಲ್ಲಿ ಮೊದಲು ಸಿಗುತ್ತದೋ ಅಲ್ಲಿ ತೆಗೆದುಕೊಂಡರಾಯಿತು. ವಿಚಾರಿಸುವ ಕೆಲಸ ನನ್ನ ತಲೆಗೆ ಬಂತು, ಯಾಕೆಂದರೆ ಭಾವನಿಗೆ ಫೋನಿನಲ್ಲಿ ಮಾತಾಡುವಾಗ ತಾಳಮದ್ದಳೆಯ ಪೀಠಿಕೆ ಬರುತ್ತದೆ. ಭಾವ ಊರಿನಲ್ಲಿ ಹೆಸರಿರುವ ಅರ್ಥಧಾರಿ. ಸಿಲಿಂಡರ್ ಬುಕ್ ಮಾಡಲು ಕರೆ ಮಾಡಿದರೂ ಮೊದಲು ತಾನು ಯಾರು, ಯಾವ ವಂಶ, ಇಲ್ಲಿಗೆ ಬಂದ ಉದ್ದೇಶ ಏನು ಎಂದು ವಿಸ್ತರಿಸುತ್ತಾರೆ.

ಮಂಗಳೂರಿನ ಶೋರೂಮಿನ ಹುಡುಗ ಬಹಳ ವಿನಯದವನು. "ಸಾರ್, ಗಾಡಿ ಕೊಡಬಹುದು. ಆದರೆ ಆಧಾರ್ ಕೇರಳದ್ದಲ್ವಾ? ಟೆಂಪರರಿ ರಿಜಿಸ್ಟ್ರೇಶನ್ ಮಾಡಿ ಕಳಿಸ್ತೇವೆ, ಪರ್ಮನೆಂಟ್ ನೀವು ಕಾಸರಗೋಡಿನಲ್ಲಿ ಮಾಡಿಸ್ಬೇಕು. ನಿಮಗೆ ಕೇರಳದ ಡೀಲರೇ ಸುಲಭ." ಕೇರಳದ ಶೋರೂಮಿನ ಹುಡುಗಿ ಮಲಯಾಳದಲ್ಲಿ ಅಷ್ಟೇ ವಿನಯದಿಂದ, ನಿಮ್ಮಲ್ಲಿಗೆ ಮಂಗಳೂರೇ ಹತ್ತಿರ, ಸರ್ವೀಸಿಗೂ ಅಲ್ಲಿಗೇ ಹೋಗುತ್ತೀರಿ, ಅಲ್ಲೇ ವಿಚಾರಿಸಿದರೆ ಒಳ್ಳೆಯದು ಎಂದಳು. ಇಬ್ಬರೂ ಹೇಳಿದ್ದು ಸರಿ. ಇಬ್ಬರ ಸರಿಯ ನಡುವೆ ನಾವು ಪಯಸ್ವಿನಿ ಹೊಳೆಯ ಕಲ್ಲಿನ ಹಾಗೆ ಒದ್ದೆಯಾಗಿ ಕೂತೆವು.

ತೆರಿಗೆಯ ಲೆಕ್ಕಕ್ಕೆ ಭಾವ ಕನ್ನಡಕ ಹಾಕಿಕೊಂಡರು. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷಕ್ಕೆ ಮೇಲ್ಪಟ್ಟ ಕಾರಿಗೆ ಶೇ. 18, ಅದರ ತಲೆ ಮೇಲೆ ಸೆಸ್. ಕೇರಳದಲ್ಲಿ ಇಷ್ಟು ಬೆಲೆಯ ಕಾರಿಗೆ ಶೇ. 20 ದಾಟುತ್ತದೆ. "ಎಲ್ಲಿ ಹೋದರೂ ಎರಡು ಆಲ್ಟೋ ಕಾರಿನ ದುಡ್ಡು ತೆರಿಗೆಗೇ ಹೋಯಿತಲ್ಲ ಭಾವ" ಎಂದರು. ಹಾಗಾದರೆ ಬೆಂಗಳೂರಿನ ವಿಳಾಸದಲ್ಲಿ ಮಾಡಿಸಿ ಇಲ್ಲಿ ಇಟ್ಟುಕೊಂಡರೆ? ಅದಕ್ಕೂ ಕಾನೂನು ಉಂಟು. 1988ರ ಮೋಟಾರು ವಾಹನ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ನಿಮ್ಮ ಮನೆಯೋ ವ್ಯವಹಾರದ ಜಾಗವೋ, ವಾಹನ ಸಾಮಾನ್ಯವಾಗಿ ಎಲ್ಲಿ ಇರುತ್ತದೋ ಅಲ್ಲಿ ನೋಂದಣಿ ಮಾಡಿಸಬೇಕು. 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ದಾಟಿದರೆ ಅಲ್ಲಿನ ನಂಬರು ಹಾಕಿಸಬೇಕು. ಮನುಷ್ಯ ಗಡಿಯ ಈಚೆ ಮಲಗಿ ಆಚೆ ದುಡಿದರೆ ಯಾವ ಸೆಕ್ಷನ್ನೂ ಕೇಳುವುದಿಲ್ಲ. ಕಾರಿನದು ಹಾಗಲ್ಲ, ಅದು ಎಲ್ಲಿ ಮಲಗುತ್ತದೆ ಎಂಬುದೇ ಮುಖ್ಯ. 2017ರಲ್ಲಿ ಕೇರಳದ ಸಿನಿಮಾ ನಟರ ಕೆಲವು ಕಾರುಗಳು ಪುದುಚೇರಿಯಲ್ಲಿ ಮಲಗುತ್ತವೆ ಎಂದು ಕಾಗದದಲ್ಲಿದ್ದದ್ದೇ ದೊಡ್ಡ ಗಲಾಟೆಯಾಗಿ ಪೊಲೀಸ್ ಕೇಸಿನವರೆಗೆ ಹೋಗಿತ್ತಲ್ಲ.

ನೆರೆಮನೆಯವರು ಇನ್ನೊಂದು ಉಪಾಯ ಹೇಳಿದರು. ದುಬೈಯಲ್ಲಿರುವ ಅವರ ಸಂಬಂಧಿಕನೊಬ್ಬ ರಜೆಗೆ ಬರುವಾಗ ಕಾರನ್ನೂ ಹಡಗಿನಲ್ಲಿ ತಂದಿದ್ದ. ದುಬೈ ನಂಬರಿನ ಆ ಕಾರು ಕಾಸರಗೋಡಿನ ಪೇಟೆಯಲ್ಲಿ ತಿರುಗಿದರೆ ಬಸ್ಸಿನವರೂ ಕಿಟಕಿಯಿಂದ ತಲೆ ಹಾಕುತ್ತಿದ್ದರು. ಕಾರ್ನೆ ಎಂಬ ಪತ್ರ ಮಾಡಿಸಿದರೆ ಸುಂಕ ಕಟ್ಟದೆ ತರಬಹುದು. ಆದರೆ ಆರು ತಿಂಗಳ ಅತಿಥಿ ಅದು, ಅವಧಿ ಮುಗಿದರೆ ಮರಳಿ ಹಡಗು ಹತ್ತಬೇಕು. ಶಾಶ್ವತವಾಗಿ ಇಟ್ಟುಕೊಳ್ಳುವ ಹಾಗೂ ಇಲ್ಲ, ಯಾಕೆಂದರೆ ದುಬೈಯ ಕಾರಿನ ಸ್ಟಿಯರಿಂಗು ಎಡಗಡೆ. ಆಮದು ಮಾಡುವ ಕಾರಿನ ಸ್ಟಿಯರಿಂಗು ಬಲಗಡೆಯೇ ಇರಬೇಕೆಂದು ನಮ್ಮ ಸರಕಾರದ ನಿಯಮ. ಸ್ಕೋಡಾದ ತವರಾದ ಜೆಕ್ ದೇಶದಲ್ಲಿ ಜನ ರಸ್ತೆಯ ಬಲಗಡೆ ಹೋಗುತ್ತಾರಾದರೂ ಅಲ್ಲಿನ ಕಾರ್ಖಾನೆ ನಮಗೆ ಬೇಕಾದ ಹಾಗೆ ಕಾರು ಮಾಡುವುದು ಇಂಗ್ಲೆಂಡಿನ ಗಿರಾಕಿಗಳ ದೆಸೆಯಿಂದ. ಬ್ರಿಟಿಷರಿಂದ ಅಳಿಯನಿಗೆ ಆದ ಉಪಕಾರ ಇದೊಂದೇ ಇರಬೇಕು.

ಅಷ್ಟರಲ್ಲಿ ಸೆಪ್ಟೆಂಬರ್ 23 ಬಂತು. ಭೂತಾನದಿಂದ ಗಡಿ ದಾಟಿಸಿ ತಂದ ಐಷಾರಾಮಿ ಕಾರುಗಳಿಗಾಗಿ ಕಸ್ಟಮ್ಸ್‌ನವರು ಕೇರಳದಾದ್ಯಂತ 'ಆಪರೇಷನ್ ನುಮ್ಖೋರ್' ಎಂದು ತಪಾಸಣೆ ನಡೆಸಿದರು. ಸಿನಿಮಾ ನಟರ ಮನೆಗಳನ್ನೂ ಬಿಡಲಿಲ್ಲ. ಮರುದಿನ ಪೇಪರು ಓದಿದ ಅಕ್ಕ ಅಂಗಳದಲ್ಲಿ ಅಡಿಕೆ ಹರವುವುದನ್ನು ಅರ್ಧಕ್ಕೆ ಬಿಟ್ಟು ಫೋನು ಮಾಡಿದಳು. "ನಮ್ಮ ಹುಡುಗನದ್ದು ಭೂತಾನದ್ದಲ್ಲ ತಾನೇ?"

"ಅಲ್ಲ ಅಕ್ಕ, ಜೆಕ್ ದೇಶದ್ದು."

"ಅದು ಭೂತಾನದಿಂದ ಎಷ್ಟು ದೂರ?"

ಕಾರಿನ ಸುದ್ದಿ ಊರಿಗೆ ಹರಡಲು ಯಾರ ಸಹಾಯವೂ ಬೇಕಾಗಲಿಲ್ಲ. ಡೇರಿಗೆ ಹಾಲು ಹಾಕಲು ಬಂದವರು ಮೈಲೇಜು ಕೇಳಿದರು. ಅಂಗಡಿಯಲ್ಲಿ ಒಬ್ಬರು ಅದರ ಬಣ್ಣ ಕೇಳಿದರು. ಮಾಂಬಾ ಗ್ರೀನ್ ಎಂದೆ. ಮಾಂಬಾ ಎಂದರೇನು ಎಂದರು. ಆಫ್ರಿಕದ ವಿಷದ ಹಾವು ಎಂದೆ. ನಮ್ಮ ತೋಟದಲ್ಲೇ ಹಸಿರು ಹಾವು ಬೇಕಷ್ಟಿರುವಾಗ ದುಡ್ಡು ಕೊಟ್ಟು ತರುವುದು ಯಾಕೆ ಎಂದು ಅವರು ಬೀಡಿ ಹಚ್ಚಿದರು. ಡಿಕ್ಕಿ 600 ಲೀಟರಿನದ್ದು ಎಂದು ಗೊತ್ತಾದ ಮೇಲೆ ಭಾವನಿಗೆ ಮಾತ್ರ ಆ ಕಾರಿನ ಮೇಲೆ ಸ್ವಲ್ಪ ಗೌರವ ಬಂತು. "ನಾಲ್ಕು ಗೋಣಿ ಅಡಿಕೆಗೆ ಮೋಸ ಇಲ್ಲ" ಎಂದರು. ಆಮೇಲೆ ಕ್ಯಾಲೆಂಡರಿನ ಹಿಂದೆ ಪೆನ್ನಿನಿಂದ ಲೆಕ್ಕ ಹಾಕಿದರು. ಚಾಲಿ ಅಡಿಕೆಗೆ ಆಗ ಕಿಲೋಗೆ ಐನೂರರ ಆಸುಪಾಸು ಧಾರಣೆ. ಐವತ್ತು ಲಕ್ಷವೆಂದರೆ ಹತ್ತು ಸಾವಿರ ಕಿಲೋ, ಅಂದರೆ ನೂರು ಕ್ವಿಂಟಾಲು. ಕೊಳೆರೋಗದ ವರ್ಷ. ಎರಡು ಸಲ ಮೈಲುತುತ್ತು ಬಿಟ್ಟರೂ ಮರದ ಬುಡದಲ್ಲಿ ಹಸಿ ಅಡಿಕೆ ಉದುರಿ ಬಿದ್ದಿತ್ತು. ಅವರು ಆ ಕ್ಯಾಲೆಂಡರನ್ನು ಪುನಃ ಮೊಳೆಗೆ ಸಿಕ್ಕಿಸಿ, ತಿಥಿ ಕಾಣುವ ಬದಿಯನ್ನೇ ಹೊರಗೆ ತಿರುಗಿಸಿದರು. "ದುಡ್ಡು ಅವನದ್ದು, ನನಗೆಂತ" ಎಂದೂ ಹೇಳಿದರು.

ಬುಕಿಂಗ್ ತೆರೆದದ್ದು ಅಕ್ಟೋಬರ್ 6ಕ್ಕೆ. ಎರಡೂವರೆ ಲಕ್ಷ ಮುಂಗಡ, ಎಲ್ಲವೂ ಆನ್‌ಲೈನ್. ಅಳಿಯ ಬೆಂಗಳೂರಿನಲ್ಲಿ ಕಂಪ್ಯೂಟರಿನ ಎದುರು, ಒಟಿಪಿ ಬರುವುದು ಅಡೂರಿನಲ್ಲಿ ಭಾವನ ಫೋನಿಗೆ. ಭಾವನ ಫೋನಿಗೆ ಸಿಗ್ನಲ್ ಸಿಗುವುದು ಮನೆಯ ಹಿಂದಿನ ಗುಡ್ಡೆಯ ಗೇರುಮರದ ಬಳಿ ಮಾತ್ರ. ಆದ್ದರಿಂದ ಬೆಳಿಗ್ಗೆಯೇ ಅವರನ್ನು ಅಲ್ಲಿ ಕುರ್ಚಿ ಹಾಕಿ ಕೂರಿಸಿದ್ದಾಯಿತು. ನನ್ನ ಕೆಲಸ ಅಂಗಳದಲ್ಲಿ ನಿಂತು, ಅವರು ಮೇಲಿನಿಂದ ಕೂಗಿದ ಅಂಕೆಯನ್ನು ಲ್ಯಾಂಡ್‌ಲೈನಿನಲ್ಲಿ ಅಳಿಯನಿಗೆ ದಾಟಿಸುವುದು. ಜೆಕ್ ದೇಶದ ಕಾರಿಗೆ ಕೇರಳದ ಗುಡ್ಡೆಯಿಂದ ಕರ್ನಾಟಕಕ್ಕೆ ಅಂಕೆ. ಮೊದಲ ಒಟಿಪಿ ಸರಿಯಾಗಿಯೇ ಬಂತು. ಭಾವ ಮಾತ್ರ ಬರಿಯ ಅಂಕೆ ಹೇಳುವ ಜಾಯಮಾನದವರಲ್ಲ. "ಏಳು... ಏಳು ಎಂದರೆ ಸಪ್ತಸಾಗರದ ಏಳು, ಕೇಳಿತಾ ಭಾವ?" ಎಂದು ಶುರುಮಾಡಿ ಕೊನೆಯ ಅಂಕೆಗೆ ಬರುವಾಗ ಅದರ ಆಯುಷ್ಯ ತೀರಿತ್ತು. ಎರಡನೆಯದು ಬರುವುದರೊಳಗೆ ಕಾರುಗಳು ತೀರಿದ್ದವು.

ಬೆಲೆ ಹೊರಬಿದ್ದದ್ದು 17ನೇ ತಾರೀಕಿಗೆ, ಶೋರೂಮಿನಲ್ಲಿ 49.99 ಲಕ್ಷ ಎಂದು. ನೂರೂ ಕಾರುಗಳಿಗೆ ಅದಕ್ಕಿಂತ ಮೊದಲೇ ಗಿರಾಕಿಗಳು ಆಗಿದ್ದರು. ಭಾವನಿಗೆ ಕಾರು ಹೋದದ್ದಕ್ಕಿಂತ ಇದೇ ಹೆಚ್ಚು ಕೊರೆಯಿತು. "ಬೆಲೆ ಹೇಳುವ ಮೊದಲೇ ಮಾರಾಟ ಅಂತೆ! ಐವತ್ತು ವರ್ಷದಿಂದ ಅಡಿಕೆ ಮಾರುತ್ತಿದ್ದೇನೆ, ಒಬ್ಬನಾದರೂ ಹಾಗೆ ಬಂದದ್ದುಂಟಾ?"

ಅಳಿಯ ಎರಡು ದಿನ ಮಂಕಾಗಿದ್ದ. ಸಮಾಧಾನಕ್ಕೆ ಭಾವ ಊರಿನ ಸ್ಥಳಪುರಾಣವನ್ನೇ ತೆಗೆದರು. ಕಿರಾತನ ವೇಷದ ಶಿವನಿಗೂ ಅರ್ಜುನನಿಗೂ ಹಂದಿಯ ನೆಪದಲ್ಲಿ ಕಾಳಗವಾದದ್ದು ನಮ್ಮ ಅಡೂರಿನಲ್ಲೇ ಎಂದು ಇಲ್ಲಿಯ ಪ್ರತೀತಿ. ಮಹಾಲಿಂಗೇಶ್ವರ ದೇವಸ್ಥಾನಕ್ಕೂ ಅರ್ಜುನನಿಗೂ ಹಾಗೆ ನಂಟು. "ಪಾಶುಪತ ಎಷ್ಟು ಇತ್ತು? ಒಂದೇ! ಅದಕ್ಕೆ ಪಾರ್ಥ ಒಂಟಿಕಾಲಲ್ಲಿ ನಿಂತು ತಪಸ್ಸು ಮಾಡಿದ, ಪೆಟ್ಟು ತಿಂದ, ಆಮೇಲೆ ಸಿಕ್ಕಿತು. ನೀನು ಕುರ್ಚಿಯಲ್ಲಿ ಕೂತು ಬಟನ್ ಒತ್ತಿದ್ದು." ಒಟಿಪಿಯ ವಿಚಾರ ಮಾತ್ರ ಆ ಅರ್ಥಗಾರಿಕೆಯಲ್ಲಿ ಎಲ್ಲಿಯೂ ಬರಲಿಲ್ಲ.

ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಈ ಗಡಿಬಿಡಿಯಲ್ಲಿ ಅಳಿಯ ಎಲ್ಲೋ ಒಂದು ಅರ್ಜಿಯಲ್ಲಿ ನನ್ನ ನಂಬರು ಕೊಟ್ಟು, ಊರು ಅಡೂರು, ರಾಜ್ಯ ಕೇರಳ ಎಂದು ತುಂಬಿಸಿದ್ದ. ನಮ್ಮ ಊರಿನ ಹೆಸರಿಗೆ ಮೊದಲೇ ತಾಪತ್ರಯ. ಮುಳ್ಳೇರಿಯದ ಹತ್ತಿರ ಆದೂರು ಎಂಬ ಊರು ಬೇರೆ ಉಂಟು, ನಮ್ಮ ಪಾರ್ಸೆಲ್ಲುಗಳು ಆಗಾಗ ಅಲ್ಲಿ ಸುಖವಾಗಿ ಕೂತಿರುತ್ತವೆ. ಅದಕ್ಕಿಂತ ದೊಡ್ಡದು ಪತ್ತನಂತಿಟ್ಟ ಜಿಲ್ಲೆಯ ಅಡೂರ್, ಸಿನಿಮಾದ ಅಡೂರ್ ಗೋಪಾಲಕೃಷ್ಣನ್ ಅವರ ಊರು. ಇಲ್ಲಿಂದ ನಾನೂರೈವತ್ತು ಕಿಲೋಮೀಟರಿಗೂ ಆಚೆ. ಕಂಪ್ಯೂಟರಿಗೆ ಕೇರಳದ ಅಡೂರು ಎಂದರೆ ಅದೊಂದೇ. ಒಂದು ಬೆಳಿಗ್ಗೆ ಹತ್ತು ಗಂಟೆಗೆ ನಾವು ಜಗಲಿಯಲ್ಲಿ ಕೂತಿದ್ದಾಗ ಫೋನು ಬಂತು. ಮಲಯಾಳದಲ್ಲಿ ಒಬ್ಬ ಹುಡುಗ. ಆ ನೂರರ ಕಾರು ಈಗ ಇಲ್ಲ, ಅದೇ ಕಂಪನಿಯ ಬೇರೆ ಕಾರು ಟೆಸ್ಟ್ ಡ್ರೈವಿಗೆ ಮನೆಬಾಗಿಲಿಗೇ ತಂದಿದ್ದೇನೆ, ಪಾರ್ಥಸಾರಥಿ ದೇವಸ್ಥಾನದ ಎದುರು ನಿಂತಿದ್ದೇನೆ, ಇಲ್ಲಿಂದ ನಿಮ್ಮ ಮನೆಗೆ ಯಾವ ಕಡೆ ತಿರುಗಬೇಕು ಎಂದ.

ಉತ್ತರಕ್ಕೆ ತಿರುಗಿ, ಆಲಪ್ಪುಳ, ಕೊಚ್ಚಿ, ಕೋಯಿಕ್ಕೋಡು, ಕಣ್ಣೂರು ದಾಟಿ ಚೆರ್ಕಳದಲ್ಲಿ ಬಲಕ್ಕೆ ಎಂದು ಹೇಳಬೇಕೆಂದಿದ್ದೆ. ಭಾವ ಕೈ ಅಡ್ಡ ಮಾಡಿ ಯಾರೆಂದು ಕೇಳಿದರು. ಹೇಳಿದೆ. ಅವರು ಬಾಯಲ್ಲಿದ್ದ ಎಲೆಅಡಿಕೆಯನ್ನು ಅಂಗಳದ ಮೂಲೆಗೆ ಉಗುಳಿ, ಗಂಟಲು ಸರಿಮಾಡಿಕೊಂಡು, ಪೀಠಿಕೆಗೆ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿದರು.

"ಸಾರಥಿ ಅಲ್ಲಿದ್ದಾನೆ, ಪಾರ್ಥ ಇಲ್ಲಿದ್ದಾನೆ. ಮೊದಲು ರಥಕ್ಕೆ ಮೈಲೇಜು ಎಷ್ಟು ಅಂತ ಕೇಳಿ ಭಾವ."