ಬಾಡಿಗೆದಾರರ ಪರವಾಗಿ ಒಂದು ಹಾಯ್ಕು

ಮರಕುಟಿಗದ ಚಿತ್ರ ಬರೆಯುವವರು ಮೊದಲು ಅದರ ಬಾಲಕ್ಕೆ ಮರ್ಯಾದೆ ಕೊಡಬೇಕು. ಆ ಗಡಸು ಬಾಲವನ್ನು ಕಾಂಡಕ್ಕೆ ಊರಿಕೊಂಡೇ ಹಕ್ಕಿ ನೆಟ್ಟಗೆ ನಿಲ್ಲುವುದು. ನಾನು ಚಂದಕ್ಕಿರಲಿ ಎಂದು ಬಾಲವನ್ನು ಮೇಲೆತ್ತಿದೆ. ಮೊಮ್ಮಗಳು ನೋಡಿ, "ತಾತ, ಹುಂಜ ಯಾಕೆ ಮರ ಹತ್ತುತ್ತಿದೆ?" ಎಂದಳು. ಬಣ್ಣದ ಡಬ್ಬಿ ಮುಚ್ಚಿ ಹಾಯ್ಕುವಿಗೆ ಇಳಿದೆ. 17 ಅಕ್ಷರದಲ್ಲಿ ಬಾಲ ಕಾಣಿಸಲೇಬೇಕೆಂಬ ಕಟ್ಟುಪಾಡಿಲ್ಲ. ಸಾಕ್ಷಾತ್ ಹಾಯ್ಕು ಗುರು, ಜಪಾನಿನ ಬಾಶೋ 1689ರ ಯಾತ್ರೆಯಲ್ಲಿ ಉಂಗಾನ್‌ಜಿ ದೇವಾಲಯದ ಬಳಿ ಮರಕುಟಿಗವನ್ನು ಹಾಯ್ಕುವಿಗೆ ಕರೆತಂದಿದ್ದ. ಮೈಸೂರಿನ ಪಿಂಚಣಿದಾರನಿಗೆ ಯಾಕಾಗದು?

ತಲೆನೋವಿಗೆ
ಮಾತ್ರೆ ನುಂಗಿದ್ದು ನಾನು
ಕುಟ್ಟಿದ್ದು ಅದು

ಅದರ ತಲೆಬುರುಡೆಯಲ್ಲಿ ಪೆಟ್ಟು ಹೀರುವ ಮೆತ್ತೆಯಿದೆ ಎಂದು ಬಹುಕಾಲ ಎಲ್ಲರೂ ಹೇಳುತ್ತಿದ್ದರು. 2022ರಲ್ಲಿ ಬಂದ ಸಂಶೋಧನೆಯೊಂದು ಅದನ್ನು ತಳ್ಳಿಹಾಕಿತು: ಮೆತ್ತೆಗಿತ್ತೆ ಏನಿಲ್ಲ, ತಲೆಯದು ಅಪ್ಪಟ ಸುತ್ತಿಗೆಯ ಕೆಲಸ, ಮೆದುಳು ಪುಟ್ಟದಾದ್ದರಿಂದ ಪೆಟ್ಟಾಗುವುದಿಲ್ಲ. ಓದಿದಾಗ ನಮ್ಮ ಬಡಾವಣೆಯ ಸಂಘದ ಕೆಲವರು ನೆನಪಾದರು.

ಈ ಸಂಘಕ್ಕೆ ಒಣಮರ ಕಂಡರಾಗದು. ಪಾರ್ಕಿನ ಮೂಲೆಯಲ್ಲಿ ಸಿಡಿಲಿಗೆ ಸುಳಿ ಸುಟ್ಟ ತೆಂಗಿದೆ. ಅದರ ಕೆಳಗೆ ಯಾರೂ ಓಡಾಡುವುದೂ ಇಲ್ಲ. ಪರಿಸರ ದಿನದಂದು ಸಸಿ ಹಿಡಿದು ಫೋಟೋಕ್ಕೆ ನಿಲ್ಲುವವರೇ ಅದನ್ನು ಕಡಿಸಲು ತುದಿಗಾಲಲ್ಲಿದ್ದಾರೆ. ಸತ್ತ ಮರದಲ್ಲಿ ಹುಳು, ಹುಳುವಿಗೆ ಮರಕುಟಿಗ, ಮರಕುಟಿಗ ಬಿಟ್ಟುಹೋದ ಪೊಟರೆಗೆ ಮೈನಾ, ಗಿಳಿ, ಪುಟ್ಟ ಗೂಬೆ. ಪೊಟರೆ ಕೊರೆಯಲು ಬಾರದ ಇಷ್ಟು ಸಂಸಾರಗಳಿಗೆ ಇವನೇ ಮೇಸ್ತ್ರಿ. ಒಂದು ಒಣಮರ ಉರುಳಿದರೆ ಎಷ್ಟು ಮನೆ ಹೋಗುತ್ತವೆಂದು ಇವರಿಗೆ ಹೇಳುವವರು ಯಾರು? ನಾನೇ ಅರ್ಜಿ ಬರೆದೆ:

ಒಣಮರಕ್ಕೆ
ಬಾಡಿಗೆದಾರರುಂಟು
ನೋಟಿಸು ಕೊಡಿ

ಅಧ್ಯಕ್ಷರು ಸಭೆಯಲ್ಲಿ ಗಟ್ಟಿಯಾಗಿ ಓದಿದರು. ಮೌನ. ಹಿಂದಿನ ಸಾಲಿನಿಂದ ನಿವೃತ್ತ ಕನ್ನಡ ಮೇಷ್ಟರು ಎದ್ದರು.

"ಎರಡನೆಯ ಸಾಲಿನಲ್ಲಿ ಒಂದು ಹೆಚ್ಚಿದೆ."

ನಾನು ಬೆರಳು ಮಡಚಿದೆ. ಬಾ-ಡಿ-ಗೆ-ದಾ-ರ-ರುಂ-ಟು. "ಏಳೇ ಸರ್."

"ಸೊನ್ನೆಯನ್ನು ನುಂಗಿದಿರಲ್ಲ! ಜಪಾನಿನವರು ಅನುನಾಸಿಕವನ್ನು ಬೇರೆಯಾಗಿಯೇ ಎಣಿಸುತ್ತಾರೆ."

"ದೀರ್ಘವನ್ನೂ ಎರಡೆಂದು ಎಣಿಸುತ್ತಾರೆ. ಆಗ 'ಬಾ' ಎರಡು, 'ದಾ' ಎರಡು. ಒಟ್ಟು ಹತ್ತಾಯಿತು, ಎಂಟಲ್ಲ."

ಅಲ್ಲಿಯವರೆಗೆ ತೂಕಡಿಸುತ್ತಿದ್ದ ಖಜಾಂಚಿ ಧಡಕ್ಕನೆ ಎಚ್ಚೆತ್ತರು. "ಏಳು ಹತ್ತಾಗಿದ್ದು ಹೇಗೆ? ವೋಚರ್ ಎಲ್ಲಿ?"

ಆಮೇಲಿನದನ್ನು ಏನೆಂದು ಹೇಳಲಿ! ಇಡೀ ಸಭೆ ಬೆರಳು ಮಡಚತೊಡಗಿತು. ಪ್ರಾಸವಿಲ್ಲದ್ದು ಪದ್ಯವೇ ಅಲ್ಲವೆಂದು ಮೂರನೇ ಕ್ರಾಸಿನವರು ಹಟ ಹಿಡಿದರು. ಒಬ್ಬ ತಾಯಿ ಮಗನಿಗೆ ಫೋನು ಮಾಡಿ, "ಹಾಯ್ಕು ಅಂದ್ರೇನೋ ಪುಟ್ಟಾ?" ಎಂದು ವಿಚಾರಿಸಿದರು. ಮೇಷ್ಟರು ಬೋರ್ಡಿನಲ್ಲಿದ್ದ ನೀರಿನ ಬಾಕಿದಾರರ ಪಟ್ಟಿಯನ್ನು ಒರೆಸಿ, ನನ್ನ ಹಕ್ಕಿಗೆ ಗುರು-ಲಘು ಪ್ರಸ್ತಾರ ಹಾಕಿದರು. ಬಾಕಿದಾರರು ಚಪ್ಪಾಳೆ ತಟ್ಟಿದರು. ಕಾಫಿ ಬಂತು, ಲೋಟ ಖಾಲಿಯಾಯಿತು. 'ದಾ' ಇನ್ನೂ ಇತ್ಯರ್ಥವಾಗಿರಲಿಲ್ಲ. ಮರ ಕಡಿಸುವ ವಿಷಯ ಬರುವ ಮೊದಲೇ ಕಾವಲುಗಾರ ಬೀಗ ಹಿಡಿದು ಬಾಗಿಲಲ್ಲಿ ನಿಂತ.

ನಡಾವಳಿ ಪುಸ್ತಕದಲ್ಲಿ ಕಾರ್ಯದರ್ಶಿ ಬರೆದುಕೊಂಡರು: ಎರಡನೆಯ ಸಾಲು ಮುಂದಿನ ಸಭೆಗೆ.

ಮುಂದಿನ ಸಭೆಗೆ ಹೊಸ ಹಾಯ್ಕು ಸಿದ್ಧಪಡಿಸುತ್ತಿದ್ದೇನೆ. ಮೂರನೆಯ ಸಾಲಿಗೆ ಬೇಕೆಂದೇ ಒಂದಕ್ಷರ ಹೆಚ್ಚು ತುರುಕಿದ್ದೇನೆ. ಮೇಷ್ಟರು ಸುಮ್ಮನೆ ಬಿಡುವವರಲ್ಲ.