ಆಂಗ್ಲದಾನಮೀಮಾಂಸೆ, ಅಥವಾ ಬೋವಿಕಾನದಲ್ಲಿಳಿದ ಸ್ವಯಂಸೇವಕನ ಲಕ್ಷಣವಿಚಾರ

ಶಾಸ್ತ್ರಗ್ರಂಥವನ್ನು ರಚಿಸಹೊರಟವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲಲ್ಲಿಯೇ ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಕಟ್ಟಳೆ. ಅದರಂತೆ, ಸ್ವಂತ ಖರ್ಚಿನಲ್ಲಿ ಪರದೇಶಕ್ಕೆ ಹೋಗಿ, ಕೇಳದವರಿಗೆ ಇಂಗ್ಲಿಷನ್ನು ಕಲಿಸಿ, ವೇತನದ ಮಾತೆತ್ತದೆ ಹಿಂದಿರುಗುವ ಮಹಾನುಭಾವನೇ ಇಲ್ಲಿ ವಿಷಯ. ಅವನ ಸುಖದುಃಖಗಳ ತಾರತಮ್ಯಜ್ಞಾನವೇ ಪ್ರಯೋಜನ. ಕಾಸರಗೋಡಿನಿಂದ ಹೊರಟು ಚೆರ್ಕಳದಲ್ಲಿ ಜಾಲ್ಸೂರಿನ ದಾರಿ ಹಿಡಿಯುವ ಬಸ್ಸೇ ಅವನಿಗೂ ಬೋವಿಕಾನಕ್ಕೂ ಇರುವ ಸಂಬಂಧ. ಅಧಿಕಾರಿ, ಎಂದರೆ ಈ ಗ್ರಂಥವನ್ನೋದಲು ಅರ್ಹನಾದವನು, ಆ ಬಸ್ಸಿನಲ್ಲಿ ಸೀಟು ಸಿಗದೆ ನಿಂತು ಬಂದವನು ಮಾತ್ರ.

ಬೋವಿಕಾನವು ವಿದೇಶವೆಂತಾದೀತು ಎಂದು ಪೂರ್ವಪಕ್ಷಿಯು ಇಲ್ಲಿಯೇ ಎದ್ದು ನಿಲ್ಲುವನು. ಅವನಿಗೆ ಸಮಾಧಾನ ಹೀಗೆ. ಇರಿಯಣ್ಣಿಯ ಕಡೆಗೆ ದಾರಿ ಕವಲೊಡೆಯುವಲ್ಲಿ ಮನೆ ಮಾಡಿಕೊಂಡು, ತೋಟವನ್ನು ಬಿಟ್ಟು ಎಲ್ಲಿಗೂ ಕದಲದಿದ್ದ ಗೃಹಸ್ಥನೊಬ್ಬನು 1956ರ ಅಕ್ಟೋಬರ್ 31ರ ರಾತ್ರಿ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮಲಗಿ, ಮರುದಿನ ಬೆಳಗ್ಗೆ ಕೇರಳದ ಮಲಬಾರು ಜಿಲ್ಲೆಯಲ್ಲಿ ಎದ್ದನು. 1957ರ ಹೊಸವರ್ಷದ ದಿನ ಅವನ ಮನೆಯು ಕಣ್ಣೂರು ಜಿಲ್ಲೆಗೆ ಸೇರಿತು. 1984ರ ಮೇ 24ರಂದು ಕಾಸರಗೋಡು ಜಿಲ್ಲೆಗೆ. ಒಂದೇ ಚಾವಡಿಯಲ್ಲಿ ಕುಳಿತು ಎರಡು ರಾಜ್ಯಗಳನ್ನೂ ನಾಲ್ಕು ಜಿಲ್ಲೆಗಳನ್ನೂ ಸಂಚರಿಸಿ ಮುಗಿಸಿದವನ ಊರಿನಲ್ಲಿ ಸ್ವದೇಶ ವಿದೇಶಗಳಿಗೆ ಗೆರೆಯೆಳೆಯಹೊರಡುವುದು ಬರಿಯ ಸಾಹಸ. ಆದುದರಿಂದ, ಯಾವ ಊರಿಗೆ ಹೋಗುವ ಬಸ್ಸಿನ ಬೋರ್ಡನ್ನು ಓದಲು ಬಾರದೋ ಆ ಊರೇ ವಿದೇಶವೆಂಬುದು ನಮ್ಮ ಸಿದ್ಧಾಂತ. ಈ ಲಕ್ಷಣದ ಪ್ರಕಾರ ಬೋವಿಕಾನವು ಲಂಡನ್ನಿನವನಿಗೆ ಎಷ್ಟು ವಿದೇಶವೋ ಧಾರವಾಡದವನಿಗೂ ಅಷ್ಟೇ ವಿದೇಶ, ಬೋರ್ಡು ಮಲಯಾಳದಲ್ಲಿದೆ.

ಪೂರ್ವಸೂರಿಗಳನ್ನು ಸ್ಮರಿಸದೆ ಮುಂದುವರಿಯುವುದು ಗ್ರಂಥದೋಷ. 1834ರಲ್ಲಿ ಬಾಸೆಲ್ ಮಿಶನ್ನು ಮಂಗಳೂರಿಗೆ ಬಂದಿಳಿಯಿತಷ್ಟೆ. ಕಲಿಸಲೆಂದು ಕಡಲು ದಾಟಿ ಬಂದ ಆ ಪಾದ್ರಿಗಳಿಗೆ ಒದಗಿದ ಗತಿಯನ್ನು ನೋಡಿರಿ: ತಲಶ್ಶೇರಿಯಲ್ಲಿ ನೆಲೆಸಿದ್ದ ಗುಂಡರ್ಟರ ಕಲಿಕೆಯು 1872ರಲ್ಲಿ ಮಲಯಾಳ ನಿಘಂಟಾಗಿಯೂ, 1853ರಲ್ಲಿ ಬಂದ ಕಿಟ್ಟೆಲರ ಕಲಿಕೆಯು 1894ರಲ್ಲಿ ಕನ್ನಡ ನಿಘಂಟಾಗಿಯೂ ಮಂಗಳೂರಿನಲ್ಲಿ ಅಚ್ಚಾದವು. ಕಲಿಸಲು ಬಂದವನು ಕ್ರಮೇಣ ವಿದ್ಯಾರ್ಥಿಯಾಗಿ ಪರಿಣಮಿಸುವ ಈ ವ್ಯಾಧಿಗೆ ಕರಾವಳಿಯ ಹವೆಯೇ ಕಾರಣವಿರಬೇಕು. ಮಂಗಳೂರಿಗೂ ತಲಶ್ಶೇರಿಗೂ ನಡುವೆ ಇದ್ದರೂ ಬೋವಿಕಾನದ ಪಾಲಿಗೆ ಒಂದು ನಿಘಂಟೂ ದಕ್ಕದಿದ್ದುದಕ್ಕೆ ಅಂದು ಬಸ್ಸಿನ ಅನುಕೂಲವಿಲ್ಲದಿದ್ದುದೇ ಹೇತುವೆಂದು ತೋರುತ್ತದೆ.

ಈಗ ಸಮುದ್ರದಾಚೆಯ ತರುಣನೊಬ್ಬನು ತನ್ನ ದೇಶದ ಬೇಸಗೆಯ ರಜೆಯನ್ನು ಈ ಪುಣ್ಯಕಾರ್ಯಕ್ಕೆ ಮೀಸಲಿಟ್ಟು ಬೋವಿಕಾನದಲ್ಲಿ ಇಳಿದನೆಂದು ಕಲ್ಪಿಸಿಕೊಳ್ಳೋಣ. ಪತಂಜಲಿಯು ಹೇಳಿದ ಪಂಚಕ್ಲೇಶಗಳಲ್ಲಿ ಮೊದಲನೆಯದಾದ ಅವಿದ್ಯೆಯು ಅವನನ್ನು ಬಸ್ಸಿನ ಮೆಟ್ಟಿಲಿನಲ್ಲಿಯೇ ಹಿಡಿಯುತ್ತದೆ. ಏಕೆಂದರೆ ಅವನ ಬೇಸಗೆಯು ನಮ್ಮ ಆಟಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ ಈ ಜಿಲ್ಲೆಯಲ್ಲಿ ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬೀಳತಕ್ಕದ್ದು. ರಾತ್ರಿಯೆಲ್ಲ ಕುಳಿತು ಬರೆದ ಪಾಠಟಿಪ್ಪಣಿಯನ್ನೂ ಬಣ್ಣದ ಚಿತ್ರಪಟಗಳನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗಾಳಿಗೆ ಮಗುಚಿದ ಕೊಡೆಯನ್ನು ಸರಿಪಡಿಸಿಕೊಳ್ಳುತ್ತ ಅವನು ಶಾಲೆಗೆ ತಲಪಿದರೆ ಗೇಟಿಗೆ ಬೀಗ; ಜಿಲ್ಲಾ ಕಲೆಕ್ಟರರು ರಜೆ ಸಾರಿದ ವಾರ್ತೆಯು ಹಿಂದಿನ ಸಂಜೆಯೇ ಊರಿನ ಮನೆಮನೆಯ ಮೊಬೈಲಿಗೂ ಮುಟ್ಟಿದೆ, ಇವನೊಬ್ಬನಿಗೆ ಮುಟ್ಟಿಲ್ಲ. ಮಳೆ ಬಿಟ್ಟಿತೆನ್ನುವಾಗ ಓಣಂ ಪರೀಕ್ಷೆ. ಪರೀಕ್ಷೆ ಮುಗಿಯಿತೆನ್ನುವಾಗ ಓಣಂ ರಜೆ. ರಜೆ ಮುಗಿಯಿತೆನ್ನುವಾಗ ಅವನ ವೀಸಾ ಮುಗಿಯುತ್ತದೆ.

ಎರಡನೆಯದು ಅಸ್ಮಿತೆ. ತನ್ನನ್ನು ಹೆಸರು ಹಿಡಿದೇ ಕರೆಯತಕ್ಕದ್ದೆಂದು ಅವನು ಮೊದಲ ದಿನವೇ ಅಪ್ಪಣೆ ಕೊಡುವನು. ಮಕ್ಕಳು ಪರಮವಿಧೇಯತೆಯಿಂದ ಆ ಹೆಸರಿನ ತುದಿಗೆ ಕನ್ನಡದವರು ಮಾಸ್ಟ್ರೆಂದೂ ಮಲಯಾಳದವರು ಮಾಷೆಂದೂ ಸೇರಿಸಿ ಅದನ್ನು ಪಾಲಿಸುವರು. ಎರಡು ವಾಕ್ಯಗಳಲ್ಲಿ ನಿಮ್ಮ ಪರಿಚಯವನ್ನು ಹೇಳಿರಿ ಎಂಬ ಅಭ್ಯಾಸವು ಅವನ ಪುಸ್ತಕದ ಮೊದಲ ಪುಟದಲ್ಲಿರುತ್ತದೆ. ಯಕ್ಷಗಾನಕವಿ ಪಾರ್ತಿಸುಬ್ಬನ ಕುಂಬಳೆಯು ಇದೇ ಜಿಲ್ಲೆಯಲ್ಲಿದೆಯೆಂದು ಪಾಪ, ಅವನಿಗೆ ಹೇಳಿದವರಿಲ್ಲ. ಅಜ್ಜನ ಮಗ್ಗುಲಲ್ಲಿ ಕುಳಿತು ತಾಳಮದ್ದಳೆಯನ್ನು ಕೇಳುತ್ತ ಬೆಳೆದ ಎಂಟನೆಯ ತರಗತಿಯ ಹುಡುಗನೊಬ್ಬನು ಹಿಂದಿನ ಬೆಂಚಿನಿಂದ ಎದ್ದು, ಗಂಟಲನ್ನು ಸರಿಮಾಡಿಕೊಂಡು, ಎಡಗೈಯನ್ನು ಡೆಸ್ಕಿನ ಮೇಲೆ ಊರಿ, ಮೊದಲು ಪಯಸ್ವಿನೀ ನದಿಯನ್ನೂ, ಅನಂತರ ತರವಾಡು ಮನೆಯನ್ನೂ, ಮುತ್ತಜ್ಜನಿಂದ ತೊಡಗಿ ವಂಶಾವಳಿಯನ್ನೂ, ಮಾವನು ದುಬೈಗೆ ಹೋಗಬೇಕಾಗಿ ಬಂದ ಸಂದರ್ಭವನ್ನೂ ಇಂಗ್ಲಿಷಿನಲ್ಲಿಯೇ ಪೀಠಿಕೆಯಾಗಿ ವಿಸ್ತರಿಸಿ, ಕ್ರಿಯಾಪದಗಳನ್ನೆಲ್ಲ ಕಡೆಯಲ್ಲಿಟ್ಟು, ತನ್ನ ಹೆಸರಿಗೆ ಬರುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ವ್ಯಾಕರಣವು ನುಚ್ಚುನೂರಾಗಿದೆ, ನಿಜ. ಆದರೆ ಅಷ್ಟು ಹೊತ್ತು ತಡವರಿಸದೆ ಮಾತನಾಡಬಲ್ಲ ವಿದ್ಯಾರ್ಥಿಯೊಬ್ಬನು ಇರಬಹುದೆಂದು ಆ ಪುಸ್ತಕವನ್ನು ಬರೆದವರು ಎಣಿಸಿರಲಿಲ್ಲ. ಅಂಕ ಹಾಕುವ ಹಾಳೆಯಲ್ಲಿ ಅರ್ಥಗಾರಿಕೆಗೆ ಕಾಲಮ್ಮಿಲ್ಲ.

ರಾಗ, ದ್ವೇಷ, ಅಭಿನಿವೇಶಗಳಿಗೆ ವ್ಯಾಖ್ಯಾನದ ಅಗತ್ಯ ಕಾಣೆ. ಮೊದಲನೆಯದು ಪರೋಟದಲ್ಲಿಯೂ, ಎರಡನೆಯದು ನುಸಿಯಲ್ಲಿಯೂ, ಪ್ರಾಣದ ಮೇಲಣ ಆಸೆಯಾದ ಮೂರನೆಯದು ಖಾಸಗಿ ಬಸ್ಸಿನ ವೇಗದಲ್ಲಿಯೂ ತಾವಾಗಿಯೇ ಸಿದ್ಧಿಸುತ್ತವೆ.

ಲಾಭಪ್ರಕರಣದಲ್ಲಿ ಒಂದು ತೊಡಕಿದೆ. ಮನೆಯಲ್ಲಿ ಮರಾಟಿಯನ್ನೋ ಹವ್ಯಕವನ್ನೋ, ನೆರೆಮನೆಯಲ್ಲಿ ತುಳುವನ್ನು, ಅಂಗಡಿಯಲ್ಲಿ ಮಲಯಾಳವನ್ನು, ತರಗತಿಯಲ್ಲಿ ಕನ್ನಡವನ್ನು ಯಾವ ಆಯಾಸವೂ ಇಲ್ಲದೆ ಆಡುವ ಮಗುವನ್ನು ಒಂದೇ ಭಾಷೆಯ ಬಲದಿಂದ ಉದ್ಧರಿಸಲು ಬಂದವನು ದಾನಿಯೋ ಪ್ರತಿಗ್ರಾಹಿಯೋ ಎಂಬುದು ನಿರ್ಣಯವಾಗದೆ ಉಳಿಯುತ್ತದೆ. ಮಳೆರಜೆಯ ದಿನ ವಿದ್ಯಾರ್ಥಿಯ ಮನೆಗೆ ಹೋದವನಿಗೆ ಅಜ್ಜಿಯು ಮೇ ತಿಂಗಳ ಬಿಸಿಲಿನಲ್ಲಿ ಒಣಗಿಸಿಟ್ಟಿದ್ದ ಹಲಸಿನ ಹಪ್ಪಳವನ್ನು ತೆಂಗಿನೆಣ್ಣೆಯಲ್ಲಿ ಕಾಯಿಸಿ ಬಡಿಸುವಳು; ಸಾಕೆನ್ನುವುದನ್ನು ಅವನು ಮೂರು ಭಾಷೆಗಳಲ್ಲಿ ಕಲಿಯುವನು; ಅಜ್ಜಿಯು ಮೂರರಲ್ಲಿ ಒಂದನ್ನೂ ಪುರಸ್ಕರಿಸುವುದಿಲ್ಲ. ಇದಕ್ಕಿಂತ ಮಿಗಿಲಾದ ಲಾಭವೊಂದುಂಟು. ಅಷ್ಟು ದಿನವೂ ಬಾಯಿ ಬಿಡದಿದ್ದ ಹುಡುಗಿಯೊಬ್ಬಳು ಕೊನೆಯ ದಿನ ಎದ್ದು ನಿಂತು, ನಿರ್ದುಷ್ಟವಾದ ಇಂಗ್ಲಿಷಿನಲ್ಲಿ, ಇಲ್ಲಿ ಎರಡು ತಿಂಗಳಿದ್ದೂ ನೀವು ನಮ್ಮ ಭಾಷೆಗಳಲ್ಲಿ ಒಂದನ್ನೂ ಯಾಕೆ ಕಲಿಯಲಿಲ್ಲ ಎಂದು ಕೇಳುವಳು. ಕ್ಲೇಶವೂ ಲಾಭವೂ ಒಂದೇ ವಾಕ್ಯದಲ್ಲಿ ನೆಲೆಸಿರುವುದಕ್ಕೆ ಇದಕ್ಕಿಂತ ಉತ್ತಮ ದೃಷ್ಟಾಂತವನ್ನು ನೈಯಾಯಿಕರೂ ಕೊಟ್ಟಿಲ್ಲ.

ಇಷ್ಟಾದ ಮೇಲೆ ಪೂರ್ವಪಕ್ಷಿಯು ಮತ್ತೊಮ್ಮೆ ಎದ್ದು, ಹಾಗಿದ್ದರೆ ಇಲ್ಲಿ ಕೊರತೆಯಾಗಿರುವ ಭಾಷೆ ಯಾವುದು ಎಂದು ಕೇಳಿದರೆ ಅವನನ್ನು ಮೆಚ್ಚತಕ್ಕದ್ದು. ಇಂಗ್ಲಿಷನ್ನು ಧರ್ಮಾರ್ಥವಾಗಿ ಕೊಡಲು ಏಳು ಕಡಲು ದಾಟಿ ಬರುವವರಿದ್ದಾರೆ. ಈ ಜಿಲ್ಲೆಯ ಕನ್ನಡ ಮಾಧ್ಯಮದ ಮಗುವಿಗೆ ಗಣಿತವನ್ನು ಕನ್ನಡದಲ್ಲಿ ಹೇಳಿಕೊಡುವ ಅಧ್ಯಾಪಕನು ಬೇಕಾದರೆ ಮನವಿ ಬರೆಯಬೇಕು. ಕನ್ನಡವರಿಯದವರನ್ನು ಕನ್ನಡ ತರಗತಿಗಳಿಗೆ ನೇಮಿಸಿದಾಗ ಮಕ್ಕಳೂ ಹೆತ್ತವರೂ ಪಾಠ ಬಿಟ್ಟು ಧರಣಿ ಕುಳಿತದ್ದುಂಟು, ವ್ಯಾಜ್ಯವು ಹೈಕೋರ್ಟಿನ ಮೆಟ್ಟಿಲೇರಿದ್ದುಂಟು. ಹಾಗೆ ನೇಮಕಗೊಂಡು ಬಂದ ಅಧ್ಯಾಪಕನಾದರೂ, ತನ್ನದಲ್ಲದ ತಪ್ಪಿಗೆ, ನಮ್ಮ ಸ್ವಯಂಸೇವಕನ ಕ್ಲೇಶಗಳೆಲ್ಲವನ್ನೂ ಅನುಭವಿಸುವನು. ಹಪ್ಪಳವೊಂದು ಮಾತ್ರ ಅವನಿಗಿಲ್ಲ.

ಆದುದರಿಂದ ಆಂಗ್ಲದಾನಿಗಳಾದ ಮಹನೀಯರಲ್ಲಿ ವಿಜ್ಞಾಪನೆ: ಬರುವುದಾದರೆ ಮಳೆ ಹಿಂದೆಗೆದ ಮೇಲೆ, ಡಿಸೆಂಬರಿನ ಸುಮಾರಿಗೆ ಬನ್ನಿರಿ, ಯಕ್ಷಗಾನವೂ ಆಗ ಇರುತ್ತದೆ. ನಿಮ್ಮ ಪರಿಚಯದವರಲ್ಲಿ ಬೀಜಗಣಿತವನ್ನು ಕನ್ನಡದಲ್ಲಿ ಕಲಿಸಬಲ್ಲವರು ಯಾರಾದರೂ ಇದ್ದರೆ ಅವರನ್ನು ಮಾತ್ರ ಜೂನಿನ ಮೊದಲ ವಾರಕ್ಕೇ ಕಳುಹಿಸಿಕೊಡಿರಿ. ಶಾಲೆ ತೆರೆಯುವುದು ಆಗಲೇ.