ಟ್ರ್ಯಾಕ್ಟರ್ ಪರಕಾಯಪ್ರವೇಶ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ಅನುಬಂಧ ಚತುಷ್ಟಯವನ್ನು ಹೇಳದೆ ಆರಂಭಿಸಬಾರದೆಂಬುದು ಹಿರಿಯರ ಕಟ್ಟಳೆ. ವಿಷಯ: ಅಮೆರಿಕದ ಮೆಕ್ಕೆಜೋಳದ ಸೀಮೆಯಲ್ಲಿ ಹಳೆಯ ಟ್ರ್ಯಾಕ್ಟರಿನ ಎಂಜಿನ್ ಕಿತ್ತು, ಆ ಜಾಗದಲ್ಲಿ ಡೆಟ್ರಾಯಿಟ್ ಡೀಸೆಲ್‌ನ ಟೂ-ಸ್ಟ್ರೋಕ್ ಎಂಜಿನ್ ಕೂರಿಸುವ ಕರ್ಮ. ಅಧಿಕಾರಿ: ಸ್ವಂತ ವೆಲ್ಡಿಂಗ್ ಮಷೀನು, ಚೈನ್ ಬ್ಲಾಕು, ಸುತ್ತ ಒಂದು ಮೈಲಿಯಲ್ಲಿ ಮನೆಯಿಲ್ಲದ ಹೊಲ ಇವುಳ್ಳವನು, ಬಿತ್ತನೆಯೊಳಗೆ ಮುಗಿಸಬೇಕೆಂಬ ಆತುರವಿಲ್ಲದವನು. ಸಂಬಂಧ: ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಇರಬೇಕಾದದ್ದು, ಸಾಮಾನ್ಯವಾಗಿ ಇರುವುದಿಲ್ಲ, ಲೇತಿನಲ್ಲಿ ಮಾಡಿಸಬೇಕು. ನಾಲ್ಕನೆಯದಾದ ಪ್ರಯೋಜನ ವಿವಾದಗ್ರಸ್ತವಾದ್ದರಿಂದಲೇ ಈ ಪ್ರಬಂಧ ಬರೆಯಬೇಕಾಗಿ ಬಂತು.

ಮೊದಲು ಪ್ರವೇಶಿಸುವ ಆತ್ಮದ ಸ್ವರೂಪ. ಜನರಲ್ ಮೋಟಾರ್ಸ್ 1938ರಲ್ಲಿ ಹೊರತಂದ ಈ ವಂಶದ ಗೋತ್ರನಾಮ 71. ಒಂದೊಂದು ಸಿಲಿಂಡರಿನ ಗಾತ್ರ 71 ಘನ ಅಂಗುಲ, ಅಂದರೆ ಸುಮಾರು 1.16 ಲೀಟರ್. ಸಾಲಾಗಿ ಮೂರು ಸಿಲಿಂಡರಿದ್ದರೆ 3-71, ಆರಿದ್ದರೆ 6-71, ಎಂಟು ವಿ ಆಕಾರದಲ್ಲಿ ಕೂತಿದ್ದರೆ 8ವಿ-71. ಇಷ್ಟು ಸರಳವಾದ ನಾಮಕರಣ ವ್ಯಾಕರಣ ಶಾಸ್ತ್ರದಲ್ಲಿಯೂ ವಿರಳ.

ಇಲ್ಲಿ ಮೈಸೂರಿನ ಯೆಜ್ಡಿ ಓಡಿಸಿದ ಪೂರ್ವಪಕ್ಷಿಯೊಬ್ಬ ಎದ್ದು ನಿಲ್ಲುತ್ತಾನೆ: ‘ಟೂ-ಸ್ಟ್ರೋಕ್ ಅಂದಮೇಲೆ ಡೀಸೆಲ್ಲಿಗೂ ಆಯಿಲ್ ಬೆರೆಸಬೇಕಲ್ಲ?’ ಕೂತುಕೋ ಮಾರಾಯ, ಬೆರೆಸಬೇಕಿಲ್ಲ. ಇದರ ಎಣ್ಣೆ ಕೆಳಗಿನ ಸಂಪಿನಲ್ಲಿ ಪ್ರತ್ಯೇಕವಾಗಿದೆ. ಗಾಳಿ ಸಿಲಿಂಡರಿನ ಗೋಡೆಯ ಕಿಂಡಿಗಳಿಂದ ಒಳನುಗ್ಗುತ್ತದೆ, ಹೊಗೆ ನೆತ್ತಿಯ ವಾಲ್ವುಗಳಿಂದ ಹೊರಹೋಗುತ್ತದೆ. ತಾನಾಗಿ ಉಸಿರೆಳೆದುಕೊಳ್ಳುವ ಶಕ್ತಿ ಇದಕ್ಕಿಲ್ಲ. ರೂಟ್ಸ್ ಬ್ಲೋವರು ಊದಿದರಷ್ಟೇ ಉಸಿರು. ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ, ಕುಲುಮೆಗಳಿಗೆ ಗಾಳಿ ಊದುತ್ತಿದ್ದ ಯಂತ್ರವೇ ಈ ಆತ್ಮದ ಪ್ರಾಣವಾಯು.

ಎರಡನೆಯ ಮಹಾಯುದ್ಧದಲ್ಲಿ ಈ ಆತ್ಮ ಅನೇಕ ದೇಹಗಳನ್ನು ಧರಿಸಿತು. ಶರ್ಮನ್ ಟ್ಯಾಂಕಿನ ಎಂ4ಎ2 ಮಾದರಿಯಲ್ಲಿ ಜೋಡಿ 6-71, ಸೈನಿಕರನ್ನು ದಡಕ್ಕಿಳಿಸುವ ಹಿಗ್ಗಿನ್ಸ್ ದೋಣಿಗಳಲ್ಲಿ ಒಂಟಿ 6-71. ಆಮೇಲೆ ಬಸ್ಸು, ಲಾರಿ, ಬುಲ್ಡೋಜರು. ಹೀಗೆ ಗುಜರಿ ಅಂಗಳದ ತುಂಬ ದೇಹ ಕಳೆದುಕೊಂಡ ಆತ್ಮಗಳು ಬಿದ್ದಿರುವುದೇ ಪರಕಾಯಪ್ರವೇಶಕ್ಕೆ ಉಪಾದಾನ ಕಾರಣ. ಶಂಕರರು ಅಮರುಕ ರಾಜನ ದೇಹ ಹೊಕ್ಕಾಗ ಶಿಷ್ಯರು ಗುರುವಿನ ದೇಹ ಕಾಯುತ್ತಿದ್ದರಂತೆ. ಇಲ್ಲಿ ಲಾರಿಯ ದೇಹವನ್ನು ಕಾಯುವವರಿಲ್ಲ, ತೂಕಕ್ಕೆ ಹಾಕಿಬಿಡುತ್ತಾರೆ.

ಶಿಷ್ಟಾಚಾರವೂ ಉಂಟು. 1950ರ ದಶಕದಲ್ಲಿ ಆಲಿವರ್ ಕಂಪನಿಯೇ ತನ್ನ ಸೂಪರ್ 99ಕ್ಕೆ 3-71 ಕೂರಿಸಿ ಮಾರಿತು. 1959ರಲ್ಲಿ ಜಾನ್ ಡಿಯರ್ 8010ಕ್ಕೆ 6-71 ಹಾಕಿ 215 ಅಶ್ವಶಕ್ತಿ ಕೊಟ್ಟಿತು. ಎಂಜಿನ್ ತಡೆಯಿತು, ಗೇರ್‌ಬಾಕ್ಸ್ ತಡೆಯಲಿಲ್ಲ. ಬಹುಪಾಲು ಟ್ರ್ಯಾಕ್ಟರುಗಳನ್ನು ವಾಪಸು ಕರೆಸಿ 8020 ಎಂದು ಪುನರ್ಜನ್ಮ ಕೊಡಬೇಕಾಯಿತು. ಇದರಿಂದ ಪಾಠ ಕಲಿತರೆಂದೇ? 1965ರಲ್ಲಿ ಅಯೋವಾದ ಲಡೋರಾದಲ್ಲಿ ವೆಲ್ಡಿಂಗ್ ಅಂಗಡಿ ತೆರೆದ ಜಾನ್ ಕಿನ್ಜೆನ್‌ಬಾ, ಜಾನ್ ಡಿಯರ್ 5020ಕ್ಕೆ 8ವಿ-71 ಇಳಿಸಿಯೇಬಿಟ್ಟರು. 5020 ತನ್ನ ಸ್ವಂತ ಎಂಜಿನ್ನಿನಿಂದ ಪಿಟಿಒದಲ್ಲಿ, ಅಂದರೆ ಉಪಕರಣ ತಿರುಗಿಸುವ ಹಿಂದಿನ ಶಾಫ್ಟಿನಲ್ಲಿ, ಕೊಡುತ್ತಿದ್ದದ್ದು ಸುಮಾರು 133 ಅಶ್ವಶಕ್ತಿ. ಲಾರಿಗಳಲ್ಲಿ 8ವಿ-71ರ ಖ್ಯಾತಿ 318. ಎರಡನ್ನೂ ಅಳೆದ ಜಾಗ ಬೇರೆ, ನೇರವಾಗಿ ಹೋಲಿಸಬಾರದು ಎಂದು ವಿದ್ವಾಂಸರು ಎಚ್ಚರಿಸುತ್ತಾರೆ. ಗೇರ್‌ಬಾಕ್ಸ್ ಮಾತ್ರ ಹೋಲಿಸಿಯೇಬಿಡುತ್ತದೆ.

ಕರ್ಮಕಾಂಡದಲ್ಲಿ ಅಡಾಪ್ಟರ್ ಪ್ಲೇಟು, ದೊಡ್ಡ ರೇಡಿಯೇಟರು, ಬಾನೆಟ್ಟಿನ ಛೇದನ ಇತ್ಯಾದಿ ಸುಪ್ರಸಿದ್ಧ. ಮರೆಯುವುದು ಗವರ್ನರನ್ನು. ಲಾರಿಯಿಂದ ಬಂದ ಎಂಜಿನ್ನಿನ ಗವರ್ನರಿಗೆ ಗೊತ್ತಿರುವುದು ಎರಡೇ: ಐಡ್ಲಿಂಗ್ ಮತ್ತು ಪರಮಾವಧಿ. ನಡುವಿನದನ್ನು ಚಾಲಕನ ಕಾಲು ನೋಡಿಕೊಳ್ಳುತ್ತದೆ. ನೇಗಿಲು ಗಟ್ಟಿ ಮಣ್ಣಿಗೆ ಸಿಕ್ಕಾಗ ತಾನೇ ಡೀಸೆಲ್ ಹೆಚ್ಚಿಸಿ, ವೇಗ ಬಿಡದೆ ಕಾಯುವ ಗವರ್ನರ್ ಬೇಕಿದ್ದರೆ ಅದನ್ನು ಬದಲಿಸಲೇಬೇಕು. ಎಣ್ಣೆ ಎಸ್‌ಎಇ 40, ಏಕಗ್ರೇಡು. ಮಲ್ಟಿಗ್ರೇಡು ಇಲ್ಲಿ ಅಭಕ್ಷ್ಯ. ಎಣ್ಣೆ ಸೋರದ ಡೆಟ್ರಾಯಿಟ್‌ನಲ್ಲಿ ಎಣ್ಣೆ ಮುಗಿದಿದೆ ಎಂದೇ ಅರ್ಥ ಎಂಬುದು ಮೆಕ್ಯಾನಿಕ್ಕುಗಳ ಸ್ಮೃತಿವಾಕ್ಯ.

ಪ್ರಾಯಶ್ಚಿತ್ತ ಪ್ರಕರಣ ಕಿರಿದು, ಆದರೆ ಮುಖ್ಯ. ಇಂಜೆಕ್ಟರ್ ರ‍್ಯಾಕ್ ಸಿಕ್ಕಿಹಾಕಿಕೊಂಡರೆ ಎಂಜಿನ್ ಅಂಕೆ ತಪ್ಪಿ ಓಡುತ್ತದೆ. ಆಗ ಬ್ಲೋವರಿನ ಬಾಯಿಗೆ ಮುಚ್ಚಳ ಬೀಳಿಸಿ ಗಾಳಿ ಕಟ್ಟುವುದೊಂದೇ ದಾರಿ. ಇನ್ನೊಂದು ವಿಚಿತ್ರ: ವಿಪರೀತ ಹೊರೆಗೆ ನಿಲ್ಲುವಾಗ ಹಿಂದಕ್ಕೆ ಒದ್ದರೆ ಇದು ಉಲ್ಟಾ ತಿರುಗಿಯೂ ಓಡಬಲ್ಲದು. ಹೊಗೆ ಏರ್ ಕ್ಲೀನರಿನಿಂದ ಬರುತ್ತದೆ, ಮುಂದಿನ ಗೇರು ಹಿಂದಕ್ಕೆ ಒಯ್ಯುತ್ತದೆ, ಬೇರಿಂಗುಗಳಿಗೆ ಎಣ್ಣೆ ತಲುಪುವುದಿಲ್ಲ. ದಾರ್ಶನಿಕರು ಇದನ್ನು ನಿವೃತ್ತಿಮಾರ್ಗವೆಂದು ಭ್ರಮಿಸಬಾರದು, ಕೂಡಲೇ ನಿಲ್ಲಿಸಬೇಕು.

ಇನ್ನು ಪ್ರಯೋಜನ ವಿಚಾರ. ಬಲಕ್ಕಾಗಿ ಎನ್ನೋಣವೇ? ಆ ಬಲವನ್ನು ಟರ್ಬೊ ಇರುವ ಫೋರ್-ಸ್ಟ್ರೋಕ್ ಎಂಜಿನ್ನೂ ಕೊಡುತ್ತದೆ. ಉಳಿತಾಯಕ್ಕೆ? ಅದಕ್ಕಿಂತ ಇದು ಹೆಚ್ಚು ಡೀಸೆಲ್ ಕುಡಿಯುತ್ತದೆ. ಮೂರು ಪಕ್ಷವೂ ಬಿದ್ದುಹೋಗಿ ಉಳಿಯುವ ಸಿದ್ಧಾಂತ ಒಂದೇ: ಸದ್ದು. ಅದಕ್ಕೆ ಗಣಿತದ ಆಧಾರವಿದೆ. ಪ್ರತಿ ಸುತ್ತಿಗೂ ಪ್ರತಿ ಸಿಲಿಂಡರ್ ಸಿಡಿಯುವುದರಿಂದ, 2100 ಸುತ್ತಿನಲ್ಲಿ ಓಡುವ ಈ ಎಂಜಿನ್ 4200ರಲ್ಲಿ ಓಡುವ ಫೋರ್-ಸ್ಟ್ರೋಕಿನಂತೆ ಕೇಳುತ್ತದೆ. 8ವಿ-71 ಸೆಕೆಂಡಿಗೆ 280 ಸಲ ಸಿಡಿಯುತ್ತದೆ. ಅದು ಹಾರ್ಮೋನಿಯಮ್ಮಿನ ಕಪ್ಪು ಒಂದರ ಆಸುಪಾಸಿನ ಶ್ರುತಿ. ‘ಕಿರುಚುವ ಜಿಮ್ಮಿ’ ಎಂದು ಅಮೆರಿಕನ್ನರು ಅಡ್ಡಹೆಸರಿಟ್ಟಿದ್ದು ಅವರಿಗೆ ಶ್ರುತಿಜ್ಞಾನ ಸಾಲದ್ದರಿಂದ. ಉತ್ತಿದ ಎಕರೆ ಎಷ್ಟೆಂದು ಯಾರೂ ಕೇಳುವುದಿಲ್ಲ, ಯಾವ ಊರಿನವರೆಗೆ ಕೇಳಿಸಿತು ಎಂದೇ ಕೇಳುವುದು.

ಮೂರನೆಯ ಪಕ್ಷ ಯಾವುದೆಂದು ಎಣಿಸುತ್ತಿರುವ ಓದುಗರಿಗೆ: ಬಿಡಿಭಾಗ ಸುಲಭವಾಗಿ ಸಿಗುತ್ತದೆ ಎಂಬುದು. ಬಿಡಿಭಾಗಕ್ಕಾಗಿ ಎಂಜಿನ್ ಕೊಳ್ಳುವವರಿಲ್ಲವಾದ್ದರಿಂದ ಅದನ್ನು ಖಂಡಿಸುವ ಶ್ರಮ ತೆಗೆದುಕೊಳ್ಳಲಿಲ್ಲ.

ಪ್ರತ್ಯಕ್ಷ ಪ್ರಮಾಣ ಬೇಕೆನ್ನುವ ಕನ್ನಡಿಗರು ಅಯೋವಾಕ್ಕೆ ಹೋಗಬೇಕಿಲ್ಲ. ಹುಬ್ಬಳ್ಳಿ ಡೀಸೆಲ್ ಶೆಡ್ಡಿನ ಡಬ್ಲ್ಯೂಡಿಜಿ-4 ಇಂಜಿನ್ನಿನೊಳಗಿರುವುದೂ ಜನರಲ್ ಮೋಟಾರ್ಸ್ ಮೂಲದ ಟೂ-ಸ್ಟ್ರೋಕ್ ಡೀಸೆಲ್ಲೇ. ಹದಿನಾರು ಸಿಲಿಂಡರು, ಒಂದೊಂದೂ 710 ಘನ ಅಂಗುಲ. ಅದು ಹಿರಿಯಣ್ಣ, ಮಂದ್ರದಲ್ಲಿ ಮಾತಾಡುತ್ತದೆ. ವಿದ್ಯುತ್ ತಂತಿ ಬಂದಲ್ಲೆಲ್ಲ ಅದಕ್ಕೆ ಕೆಲಸ ಕಡಿಮೆಯಾಗುತ್ತಿದೆ, ಬೇಗ ಹೋಗಿ ಕೇಳಿ. ಕೇಳಿ ಬಂದಮೇಲೆ ಅಪ್ಪನ ಕಾಲದ ಟ್ರ್ಯಾಕ್ಟರಿನ ಬಾನೆಟ್ ಅಳೆಯಲು ಟೇಪು ಹುಡುಕಬೇಡಿ.